ನಾಲ್ಕು ಕೌದಿ ಕೈಯಲ್ಲಿಟ್ಟುಕೊಂಡು ಹೊಸಬರಿಗೆ ಹೊಲಿಗೆ ಕಲಿಸುವುದು ಹೇಗೆ

ಕೌದಿ (ಹಳೇ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲಿ ಹೊಲಿದ ಹೊದಿಕೆ) ಹೊಲಿಯೋಕೆ ಬರುತ್ತದೆ ಅಂತ ಓಣಿಗೆ ಗೊತ್ತಾಯಿತು ಅಂದರೆ ಎರಡು ಮಾತು ಒಟ್ಟಿಗೇ ಶುರುವಾಗುತ್ತವೆ. "ನಮಗೂ ಒಂದು ಹೊಲಿದುಕೊಡ್ರಿ" ಅನ್ನುವವರು ಕೆಲವರು. "ನಮಗೂ ಕಲಿಸ್ರಿ ಅಕ್ಕಾರ" ಅನ್ನುವವರು ಇನ್ನು ಕೆಲವರು. ಇಬ್ಬರಿಗೂ ಹೂಂ ಅಂದುಬಿಡುತ್ತೇವೆ. ಆಮೇಲೆ ನೋಡಿದರೆ ಮಂಚದ ಕೆಳಗೆ ಒಂದು ಅರ್ಧ ಹೊಲಿದ ಕೌದಿ, ಅಲಮಾರಿನ ಮೇಲೆ ಇನ್ನೊಂದು, ಯಾರದೋ ಬಾಣಂತನಕ್ಕೆ ಕೊಡಬೇಕಾದ ತೊಟ್ಟಿಲ ಕೌದಿಗೆ ಇನ್ನೂ ಬಟ್ಟೆ ಕೂಡ ಒಗೆದಿಲ್ಲ, ಅಷ್ಟರಲ್ಲಿ ಸಂಜೆ ನಾಲ್ಕು ಗಂಟೆಗೆ ಕಲಿಯುವವರು ಬಂದು ಚಾಪೆ ಮೇಲೆ ಕೂತಿರುತ್ತಾರೆ.

ಇದನ್ನು ಬರೆಯುತ್ತಿರುವುದು ಅಂಥವರಿಗೇ. ಹೊಲಿಗೆ ನಿಮಗೆ ಬರುತ್ತದೆ, ಅದನ್ನು ನಾನು ಹೇಳಿಕೊಡಬೇಕಿಲ್ಲ. ಹಲವು ಕೌದಿ ಒಟ್ಟಿಗೆ ನಡೆಸುತ್ತಾ, ನಡುವೆ ಹೊಸಬರನ್ನೂ ಕೂರಿಸಿಕೊಂಡು, ತಲೆ ಕೆಡದ ಹಾಗೆ ನೋಡಿಕೊಳ್ಳೋದು ಹೇಗೆ ಅನ್ನೋದಷ್ಟೇ ಇಲ್ಲಿದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಷ್ಟು ಕೌದಿ ಕೈಯಲ್ಲಿವೆ ಅನ್ನೋದು ಅಷ್ಟು ದೊಡ್ಡ ತೊಂದರೆ ಅಲ್ಲ. ಎಲ್ಲವೂ ಒಂದೇ ಹಂತದಲ್ಲಿ ಸಿಕ್ಕಿಕೊಂಡರೆ ತೊಂದರೆ. ನಾಲ್ಕು ಕೌದಿ ನಾಲ್ಕು ಹಂತದಲ್ಲಿದ್ದರೆ ಕೆಲಸವೂ ಸಾಗುತ್ತದೆ, ಕಲಿಸೋಕೆ ಬೇಕಾದ ಮಾದರಿಯೂ ಮನೆಯಲ್ಲೇ ಸಿಗುತ್ತದೆ.

1. ಮೊದಲು ಎಲ್ಲವನ್ನೂ ಹೊರಗೆ ತೆಗೆಯಿರಿ

ಒಂದು ಮಧ್ಯಾಹ್ನ ಇದಕ್ಕೇ ಇಡಿ. ಶುರು ಮಾಡಿ ಬಿಟ್ಟದ್ದು, ಕತ್ತರಿಸಿ ಇಟ್ಟದ್ದು, ಯಾರೋ ಕೊಟ್ಟುಹೋದ ಸೀರೆ ಗಂಟು, ಎಲ್ಲವನ್ನೂ ಹಾಲ್‌ನಲ್ಲಿ ಹರಡಿ. ಎಣಿಸುವಾಗ ಸ್ವಲ್ಪ ನಾಚಿಕೆ ಆಗುತ್ತದೆ, ಪರವಾಗಿಲ್ಲ, ಎಲ್ಲರ ಮನೆಯಲ್ಲೂ ಇಷ್ಟೇ.

ಪ್ರತಿಯೊಂದನ್ನೂ ಈ ಐದರಲ್ಲಿ ಒಂದು ಹಂತಕ್ಕೆ ಸೇರಿಸಿ: ಬಟ್ಟೆ ಒಗೆದು ಕತ್ತರಿಸುವುದು, ಮೇಲಿನ ಪದರ ಜೋಡಿಸುವುದು, ಪದರಗಳನ್ನು ಹಾಸಿ ಅವು ಸರಿಯದಂತೆ ಕಚ್ಚಾ ಹೊಲಿಗೆ (ಆಮೇಲೆ ಬಿಚ್ಚುವ ದೊಡ್ಡ ಹೊಲಿಗೆ) ಹಾಕುವುದು, ಎಲ್ಲ ಪದರಗಳನ್ನೂ ಹಿಡಿಯುವ ಸಾಲು ಹೊಲಿಗೆ, ಕೊನೆಗೆ ಅಂಚು. ಈಗ ಒಂದು ಹಂತಕ್ಕೆ ಒಂದೇ ಕೌದಿ ಅಂತ ನಿಯಮ ಮಾಡಿಕೊಳ್ಳಿ. ಎರಡು ಕೌದಿ ಸಾಲು ಹೊಲಿಗೆಯಲ್ಲೇ ಇದ್ದರೆ ಒಂದನ್ನು ಆರಿಸಿ, ಇನ್ನೊಂದನ್ನು ಕಟ್ಟಿ ಮೇಲಿಡಿ. ಮೊದಲನೆಯದು ಅಂಚಿಗೆ ಹೋದ ಮೇಲೆಯೇ ಅದು ಕೆಳಗೆ ಇಳಿಯಬೇಕು.

ಅದರಲ್ಲೂ ಮೂರನೇ ಹಂತದಲ್ಲಿ, ಅಂದರೆ ಪದರ ಹಾಸುವಲ್ಲಿ, ಎರಡು ಕೌದಿ ಇರಲೇಬಾರದು. ಇದಕ್ಕೆ ನೆಲ ಬೇಕು. ಗುಡಿಸಿ ಒರೆಸಿದ ನೆಲ, ಮಕ್ಕಳು ಓಡಾಡದ ನೆಲ. ಶುರು ಮಾಡಿದರೆ ಅದೇ ದಿನ ಮುಗಿಸಬೇಕು. ಅರ್ಧಕ್ಕೆ ಮಡಚಿಟ್ಟರೆ ಒಳಪದರ ಸರಿದುಬಿಡುತ್ತದೆ. ಮತ್ತೆ ಬಿಚ್ಚಿ ಮೊದಲಿನಿಂದ ಹಾಸಬೇಕು.

ಹಂತದ ಮಾತು ಬಂದಾಗ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕವಂದಿಯ (ಕೌದಿಗೆ ಅವರು ಹೇಳುವ ಹೆಸರು) ಬಗ್ಗೆ ಒಂದು ಮಾತು ಹೇಳಲೇಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಅವರು ಹೊಲಿಯುವ ರೀತಿ ಬೇರೆ. ಮೇಲಿನ ಪದರವನ್ನು ಮೊದಲೇ ಜೋಡಿಸಿಕೊಳ್ಳುವುದಿಲ್ಲ. ಒಂದು ಮೂಲೆಯಲ್ಲಿ ಶುರು ಮಾಡಿ, ತುಂಡಿನ ಅಂಚು ಒಳಗೆ ಮಡಚಿ ಇಡುತ್ತಾ, ಅದೇ ಹೊಲಿಗೆಯಲ್ಲಿ ಎಲ್ಲ ಪದರಗಳನ್ನೂ ಹಿಡಿಯುತ್ತಾ, ಸುತ್ತು ಹಾಕಿಕೊಂಡು ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿದ ತ್ರಿಕೋನದ 'ಫೂಲ' ಕೂರಿಸದೆ ಅವರ ಕೌದಿ ಮುಗಿದ ಹಾಗೆ ಅಲ್ಲ. ಈ ರೀತಿಯಲ್ಲಿ ಅಂಚು ಮೊದಲೇ ಆಗಿಹೋಗುತ್ತದೆ, ಕಚ್ಚಾ ಹೊಲಿಗೆ ಬೇಕಿಲ್ಲ, ಎಷ್ಟು ಹೊತ್ತಿಗೆ ಬೇಕಾದರೂ ಎತ್ತಿಡಬಹುದು. ಹಾಗಾಗಿ ಬಿಡುವು ಸಿಕ್ಕಾಗಷ್ಟೇ ಕೂರುವವರಿಗೆ ಇದು ಬಹಳ ಅನುಕೂಲ. ನನ್ನ ಪ್ರಕಾರ ಕೈಯಲ್ಲಿರುವ ಕೌದಿಗಳಲ್ಲಿ ಒಂದಾದರೂ ಈ ರೀತಿಯದ್ದಿರಲಿ. ಆದರೆ ಹೊಸಬರಿಗೆ ಮೊದಲ ದಿನವೇ ಇದನ್ನು ಕೊಡಬೇಡಿ. ಮಡಚುವುದು, ಕೂರಿಸುವುದು, ಹೊಲಿಯುವುದು ಮೂರೂ ಒಂದೇ ಸಲ ಬಂದರೆ ಕೈ ಗಾಬರಿಯಾಗುತ್ತದೆ.

2. ಒಂದು ಕೌದಿಗೆ ಒಂದು ಚೀಲ, ಒಂದು ಚೀಟಿ

ಹಳೇ ದಿಂಬಿನ ಕವರ್ ಸಾಕು. ಪ್ಲಾಸ್ಟಿಕ್ ಚೀಲ ಬೇಡ, ಮಳೆಗಾಲದಲ್ಲಿ ಒಳಗೆ ತೇವ ನಿಂತು ಬಟ್ಟೆಗೆ ಮುಗ್ಗಲು ವಾಸನೆ ಬರುತ್ತದೆ. ಆ ಕೌದಿಯ ತುಂಡುಗಳು, ದಾರದ ಉಂಡೆ, ಮಿಕ್ಕ ಬಟ್ಟೆ ಎಲ್ಲಾ ಅದರಲ್ಲೇ ಇರಲಿ. "ಅದೇ ದಾರ ಇದಕ್ಕೂ ಆಗುತ್ತೆ" ಅಂತ ಒಂದರಿಂದ ಇನ್ನೊಂದಕ್ಕೆ ತೆಗೆದರೆ ಕೊನೆಗೆ ಎರಡಕ್ಕೂ ಸಾಲುವುದಿಲ್ಲ. ಅಂಗಡಿಗೆ ಹೋದರೆ ಅದೇ ಬಣ್ಣ ಸಿಕ್ಕರೂ ಛಾಯೆ ಸ್ವಲ್ಪ ಬೇರೆ ಇರುತ್ತದೆ. ಪಕ್ಕಪಕ್ಕದ ಸಾಲಿನಲ್ಲಿ ಅದು ಎದ್ದು ಕಾಣುತ್ತದೆ.

ಚೀಟಿಯಲ್ಲಿ ಬರೆಯಬೇಕಾದದ್ದು: ಯಾರಿಗೆ, ಎಷ್ಟು ಉದ್ದ ಅಗಲ, ಸಾಲಿನ ನಡುವೆ ಎಷ್ಟು ಅಂತರ, ದಾರ ಯಾವುದು, ಒಂಟಿ ಎಳೆಯೋ ಜೋಡಿ ಎಳೆಯೋ, ಸೂಜಿ ಯಾವುದು. ಇವೆಲ್ಲದರ ಕೆಳಗೆ ಒಂದೇ ಒಂದು ಸಾಲು, ಮುಂದೆ ಮಾಡಬೇಕಾದ ಕೆಲಸ. "ಎಡಗಡೆ ಹಸಿರು ತುಂಡಿನಿಂದ ಹೊಲಿಗೆ ಮುಂದುವರಿಸು" ಅನ್ನುವಷ್ಟು ನೇರವಾಗಿ. ಸುಮ್ನೆ "ಹೊಲಿಗೆ ಬಾಕಿ" ಅಂತ ಬರೆದರೆ ಉಪಯೋಗ ಇಲ್ಲ. ಹದಿನೈದು ದಿನ ಬಿಟ್ಟು ಚೀಲ ತೆಗೆದಾಗ ಎಲ್ಲಿ ನಿಲ್ಲಿಸಿದ್ದೆ ಅಂತ ಹುಡುಕೋದರಲ್ಲೇ ಅರ್ಧ ಗಂಟೆ ಹೋಗುತ್ತದೆ ಅಲ್ವಾ? ಆ ಅರ್ಧ ಗಂಟೆ ಉಳಿಸೋಕೆ ಈ ಚೀಟಿ.

ಚೀಲಕ್ಕೆ ಹಾಕುವ ಮುಂಚೆ ಸೂಜಿ, ಟಾಚಣಿ ಎಲ್ಲಾ ತೆಗೆಯಿರಿ. ಇದು ಸಣ್ಣ ವಿಷಯ ಅನ್ನಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯಲ್ಲಿ ಸಿಕ್ಕಿಸಿಟ್ಟ ಟಾಚಣಿ ತುಕ್ಕು ಹಿಡಿಯುತ್ತದೆ, ತುಕ್ಕಿನ ಕಲೆ ಒಗೆದರೆ ಹೋಗುವುದಿಲ್ಲ. ಗುರುತಿಗೆ ಬೇಕಾದರೆ ಟಾಚಣಿ ಬದಲು ಬೇರೆ ಬಣ್ಣದ ದಾರದಲ್ಲಿ ಒಂದು ದೊಡ್ಡ ಹೊಲಿಗೆ ಹಾಕಿ ಬಿಡಿ.

3. ಬಟ್ಟೆಯ ಕೆಲಸ ಒಂದೇ ಸಲ ಮುಗಿಸಿ

ಉಳಿದ ಹಂತಗಳನ್ನು ಬೇರೆ ಬೇರೆ ಮಾಡಿ ಅಂದೆ. ಒಗೆಯುವುದು, ಇಸ್ತ್ರಿ ಮಾಡುವುದು ಮಾತ್ರ ಹಾಗಲ್ಲ. ಎಲ್ಲಾ ಕೌದಿಗಳ ಬಟ್ಟೆ, ಕಲಿಯುವವರಿಗೆ ಬೇಕಾದ ಚಿಂದಿ, ಎಲ್ಲವನ್ನೂ ಏಪ್ರಿಲ್ ಮೇ ಬಿಸಿಲಿನಲ್ಲಿ ಒಗೆದು ಒಣಗಿಸಿ ಇಟ್ಟುಬಿಡಿ. ಮಳೆ ಶುರುವಾದ ಮೇಲೆ ಒಂದು ಇಳಕಲ್ ಸೀರೆ ಒಣಗೋಕೆ ಎರಡು ದಿನ ಬೇಕು.

ಒಗೆಯುವ ಮುಂಚೆ ಬಣ್ಣ ಪರೀಕ್ಷೆ ಮಾಡಿ. ಬಟ್ಟೆಯ ಒಂದು ಮೂಲೆ ಒದ್ದೆ ಮಾಡಿ, ಬಿಳಿ ಬಟ್ಟೆಯ ಮೇಲಿಟ್ಟು ಕೈಯಿಂದ ಗಟ್ಟಿಯಾಗಿ ಒತ್ತಿ. ಬಣ್ಣ ಹತ್ತಿದರೆ ಅದನ್ನು ಬೇರೆ ಒಗೆಯಿರಿ. ಎರಡು ಮೂರು ಸಲ ಒಗೆದರೂ ಬಿಡುತ್ತಿದ್ದರೆ ಕೌದಿಗೆ ಬೇಡವೇ ಬೇಡ. ಕೆಂಪು, ಕಡುನೀಲಿ, ಕಪ್ಪು ಇವುಗಳ ಮೇಲೆ ಜಾಸ್ತಿ ಗಮನ ಇರಲಿ. ಒಬ್ಬರ ಅಜ್ಜಿಯ ಬಿಳಿ ಧೋತರದ ತುಂಡಿನ ಮೇಲೆ ಪಕ್ಕದ ಕೆಂಪು ಇಳಿದರೆ ಏನು ಉತ್ತರ ಹೇಳೋದು?

ಬಟ್ಟೆ ಹಿಡಿದು ಬೆಳಕಿಗೆ ಅಡ್ಡ ನೋಡಿ. ಜಾಳಾಗಿದ್ದರೆ, ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದಾಗ ಚರ್ ಅಂದರೆ, ಅದು ಮೇಲಿನ ಪದರಕ್ಕೆ ಆಗುವುದಿಲ್ಲ, ಒಳಗೆ ಹಾಕಬಹುದು. ಹಳೇ ರೇಷ್ಮೆ ನೋಡೋಕೆ ಗಟ್ಟಿ ಇದ್ದಂತೆ ಕಂಡರೂ ಮಡಿಕೆಯಲ್ಲಿ ಸೀಳುತ್ತದೆ. ಜರಿ ಅಂಚು ಬಿಚ್ಚಿ ತೆಗೆಯಿರಿ, ಚುಚ್ಚುತ್ತದೆ, ಸೂಜಿಯೂ ಸಲೀಸಾಗಿ ಇಳಿಯುವುದಿಲ್ಲ. ಪಾಲಿಯೆಸ್ಟರ್ ಸೀರೆ ಕೊಟ್ಟು "ಇದು ಎಷ್ಟು ವರ್ಷ ಆದರೂ ಹರಿಯಲ್ಲ" ಅನ್ನುವವರು ಇರುತ್ತಾರೆ. ನಿಜ, ಹರಿಯುವುದಿಲ್ಲ. ಆದರೆ ಬೆವರು ಹೀರುವುದಿಲ್ಲ, ಜಾರುತ್ತದೆ, ಹತ್ತಿ ಒಗೆದಾಗ ಕುಗ್ಗುತ್ತದೆ ಇದು ಕುಗ್ಗುವುದಿಲ್ಲ, ಹಾಗಾಗಿ ಎರಡನ್ನೂ ಸೇರಿಸಿದ ಕಡೆ ಸುಕ್ಕು ಬೀಳುತ್ತದೆ. ಹೊಸಬರ ಕೈಗಂತೂ ಕೊಡಲೇಬೇಡಿ.

ಲೆಕ್ಕಕ್ಕೆ ಒಂದು ಅಂದಾಜು: ಐದೂವರೆ ಮೀಟರ್ ಸೀರೆಯಿಂದ ಒಬ್ಬರು ಹೊದೆಯುವ ಕೌದಿಯ, ಅಂದರೆ ಸುಮಾರು 60 ಇಂಚು ಅಗಲ 90 ಇಂಚು ಉದ್ದದ ಒಂದು ಪದರ ಸಿಗುತ್ತದೆ. 90 ಇಂಚಿನ ಎರಡು ತುಂಡು ಕತ್ತರಿಸಿ ಪಕ್ಕಪಕ್ಕ ಸೇರಿಸಿದರೆ ಅಗಲ ಬೇಕಾದ್ದಕ್ಕಿಂತ ಜಾಸ್ತಿಯೇ ಆಗುತ್ತದೆ. ಮಿಕ್ಕದ್ದು ಮೇಲಿನ ಪದರದ ತುಂಡುಗಳಿಗೆ.

4. ತರಗತಿಗೆ ಅಂತಲೇ ಒಂದು ತುಂಡು ಇಟ್ಟುಕೊಳ್ಳಿ

ಇಡೀ ಬರಹದಲ್ಲಿ ಒಂದೇ ಸಲಹೆ ತೆಗೆದುಕೊಳ್ಳಿ ಅಂದರೆ ನಾನು ಇದನ್ನು ಹೇಳುತ್ತೇನೆ. ಬೇರೆಯವರಿಗೆ ಕೊಡಬೇಕಾದ ಕೌದಿಯನ್ನು ಕಲಿಸುವ ಚಾಪೆಗೆ ತರಬೇಡಿ. ಹೊಸಬರು ಮುಟ್ಟಿ ನೋಡಬೇಕು, ಎಳೆದು ನೋಡಬೇಕು, ತಿರುಗಿಸಿ ಹಿಂದೆ ಹೇಗಿದೆ ಅಂತ ನೋಡಬೇಕು. ಹಾಗೆ ಮಾಡಿದರೇ ಕಲಿಯೋದು. ಚಹಾ ಲೋಟ ಬೇರೆ ಪಕ್ಕದಲ್ಲೇ ಇರುತ್ತದೆ. ನಿಮ್ಮ ಕಣ್ಣು ಕೌದಿ ಕಾಯುತ್ತಿದ್ದರೆ ಅವರ ಕೈ ನೋಡೋರು ಯಾರು?

ಬದಲಿಗೆ ಸುಮಾರು 24 ಇಂಚು ಅಗಲ 30 ಇಂಚು ಉದ್ದದ ಒಂದು ತುಂಡು ಮಾಡಿ. ಇದು ಯಾವತ್ತೂ ಮುಗಿಯಬಾರದು. ಒಂದು ಮೂಲೆಯಲ್ಲಿ ಮೂರು ಪದರಗಳೂ ಬಿಚ್ಚಿಕೊಂಡೇ ಇರಲಿ, ಬೆರಳು ಹಾಕಿ ಒಂದೊಂದೇ ಎತ್ತಿ ನೋಡುವಂತೆ. ಅದರ ಪಕ್ಕದಲ್ಲಿ ಕಚ್ಚಾ ಹೊಲಿಗೆ ಮಾತ್ರ, ಬಟ್ಟೆಗೆ ಹೊಂದದ ಬಣ್ಣದ ದಾರದಲ್ಲಿ, ಕೈಬೆರಳಷ್ಟು ಉದ್ದದ ಹೊಲಿಗೆಗಳು. ನಡುವೆ ಅರ್ಧ ಇಂಚಿನ ಅಂತರದ ಸಾಲುಗಳು, ಅದರ ಪಕ್ಕ ಒಂದು ಇಂಚಿನವು, ಎರಡನ್ನೂ ಮುಟ್ಟಿದರೆ ಯಾವುದು ಬಿಗಿ ಯಾವುದು ಮೆತ್ತಗೆ ಅಂತ ಕೈಗೇ ಗೊತ್ತಾಗಬೇಕು. ಒಂದು ಕಡೆ ಬೇಕೆಂತಲೇ ದಾರ ಜಾಸ್ತಿ ಎಳೆದು ಸುಕ್ಕು ಮಾಡಿಡಿ. ಒಂದು ತೇಪೆ ಬರೀ ಟಾಚಣಿಯಲ್ಲಿ ನಿಂತಿರಲಿ, ತರಗತಿ ಮುಗಿದ ಮೇಲೆ ಆ ಟಾಚಣಿ ತೆಗೆದಿಡಿ. ಒಂದು ಅಂಚು ಮಡಚಿ ಮುಗಿದಿರಲಿ, ಎದುರಿನ ಅಂಚು ಹಾಗೇ ಇರಲಿ.

ಕಲಿಸುವಾಗ ಏನೇ ಹೊಲಿದು ತೋರಿಸಬೇಕಾದರೂ ಈ ತುಂಡಿನ ಮೇಲೆಯೇ ತೋರಿಸಿ. ತುಂಬಿ ಹೋಯಿತು ಅಂದರೆ ಒಂದು ಭಾಗ ಬಿಚ್ಚಿ. ಬಿಚ್ಚುವುದನ್ನೂ ಕಲಿಸಬೇಕಲ್ಲ, ಅವರ ಕೈಯಲ್ಲೇ ಬಿಚ್ಚಿಸಿ. ಮೂರು ಹೊಲಿಗೆಗೆ ಒಂದರಂತೆ ಮೇಲಿನಿಂದ ಕತ್ತರಿಸಿ, ಹಿಂದಿನಿಂದ ದಾರ ಎಳೆದರೆ ಬಟ್ಟೆಗೆ ಏಟಾಗದೆ ಬರುತ್ತದೆ.

5. ಹೊಸಬರ ಮೊದಲ ಕೆಲಸ ಚಿಕ್ಕದಿರಲಿ, ಚೌಕಳಿ ಲುಂಗಿಯದ್ದಿರಲಿ

ಬಂದವರೆಲ್ಲಾ ಮೊದಲ ದಿನವೇ ಡಬಲ್ ಬೆಡ್ ಕೌದಿ ಅಂತಾರೆ. ಬೇಡ. 15 ಇಂಚಿನ ಚೌಕ, ಮಣೆ ಮೇಲೆ ಹಾಸುವಂಥದ್ದು, ಅಷ್ಟೇ. ಮೂರೇ ಪದರ. ಹಿಡಿತ ಬರುವ ಮುಂಚೆ ಐದು ಪದರ ಕೊಟ್ಟರೆ ಸೂಜಿ ಬಾಗುತ್ತದೆ, ಬೆರಳು ನೋಯುತ್ತದೆ, ಮುಂದಿನ ವಾರ ಅವರು ಬರುವುದಿಲ್ಲ.

ಮೇಲಿನ ಪದರಕ್ಕೆ ಹಳೇ ಚೌಕಳಿ ಲುಂಗಿಗಿಂತ ಒಳ್ಳೇದು ಇಲ್ಲ. ಗೆರೆ ಎಳೆಯೋ ಕೆಲಸವೇ ಇಲ್ಲ, ಚೌಕಳಿ ಗೆರೆ ಹಿಡಿದು ಹೊಲಿದರೆ ಸಾಲು ನೇರ ಬರುತ್ತದೆ. ಹೊಲಿಗೆಯ ಉದ್ದ ಎಷ್ಟಿರಬೇಕು ಅನ್ನೋಕೂ ಸಣ್ಣ ಗೆರೆಗಳೇ ಅಳತೆ. ಚಿಂದಿ ಜೋಡಿಸಿ ಬಣ್ಣ ಹೊಂದಿಸೋದು ಆಮೇಲಿನ ಮಾತು. ಮೊದಲು ಕೈ ಕೂರಬೇಕು.

ಹೇಳಿಕೊಡುವ ಕ್ರಮ ನಾನು ಇಟ್ಟುಕೊಂಡಿರೋದು ಹೀಗೆ. ದಾರ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ ಸಾಕು, ಅಂದರೆ 18 ಇಂಚು ಹತ್ತಿರ. ಉದ್ದ ದಾರ ತೆಗೆದುಕೊಂಡರೆ ಮೇಲೆ ಮೇಲೆ ಪೋಣಿಸೋದು ತಪ್ಪುತ್ತದೆ ಅಂತ ಎಲ್ಲರಿಗೂ ಆಸೆ. ಆದರೆ ಅದು ಸಿಕ್ಕಾಗುತ್ತದೆ, ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಜುಂಗು ಏಳುತ್ತದೆ. ಗಂಟು ಹಾಕಿ, ಸೂಜಿಯನ್ನು ಮೇಲಿನ ಪದರದಲ್ಲಿ ಮಾತ್ರ ಇಳಿಸಿ ಸ್ವಲ್ಪ ದೂರದಲ್ಲಿ ಎತ್ತಿ, ಮೆಲ್ಲಗೆ ಎಳೆದರೆ ಗಂಟು ಪುಟ್ ಅಂತ ಒಳಗೆ ಹೋಗಿ ಪದರಗಳ ನಡುವೆ ಕೂರುತ್ತದೆ. ಆ ಪುಟ್ ಅನ್ನೋ ಸದ್ದು ಕೇಳಿದಾಗ ಹೊಸಬರ ಮುಖ ನೋಡಬೇಕು ನೀವು.

ಆಮೇಲೆ ಹೊಲಿಗೆ. ಮೇಲಿನ ಕೈ ಸೂಜಿ ನಡೆಸುತ್ತದೆ. ಕೆಳಗಿನ ಕೈಯ ಬೆರಳು ಸೂಜಿಯ ತುದಿ ಎಲ್ಲ ಪದರ ದಾಟಿ ಬಂತಾ ಅಂತ ಮುಟ್ಟಿ ನೋಡುತ್ತದೆ. ಬಹಳ ಜನಕ್ಕೆ ಈ ಕೆಳಗಿನ ಕೈ ಸುಮ್ನೆ ಮಲಗಿರುತ್ತದೆ, ಅದಕ್ಕೇ ಮೇಲೆ ಚೆಂದ ಕಾಣುವ ಸಾಲು ಹಿಂದೆ ತಿರುಗಿಸಿದರೆ ಅರ್ಧಕ್ಕರ್ಧ ಇರುವುದೇ ಇಲ್ಲ. ಸೂಜಿಯ ಮೇಲೆ ಮೂರು ನಾಲ್ಕು ಹೊಲಿಗೆ ಏರಿಸಿಕೊಂಡು ಒಮ್ಮೆಗೆ ಎಳೆಯೋದು ನಿಮಗೆ ಅಭ್ಯಾಸ. ಅವರಿಗೆ ಮೊದಮೊದಲು ಒಂದೊಂದೇ ಇರಲಿ. ಸೂಜಿ ತಳ್ಳುವ ಬೆರಳಿಗೆ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಗುವ ಲೋಹದ ಟೋಪಿ ಹಾಕಿಸಿ. ಮೊದಲ ಹತ್ತು ನಿಮಿಷ ಇದು ಅಡ್ಡ ಬರುತ್ತೆ ಅಂತ ಗೊಣಗುತ್ತಾರೆ, ಆಮೇಲೆ ತೆಗೆಯೋದೇ ಇಲ್ಲ.

"ಅಕ್ಕಾರ, ಸುಕ್ಕು ಬಿತ್ತು ನೋಡ್ರಿ" ಅಂತ ಕೂಗು ಬಂದೇ ಬರುತ್ತದೆ. ಎರಡು ಕಾರಣ. ಒಂದು, ದಾರ ಬಿಗಿಯಾಗಿ ಎಳೆದಿರುತ್ತಾರೆ. ಪ್ರತಿ ಸಲ ದಾರ ಎಳೆದ ಮೇಲೆ ಸಾಲಿನ ಮೇಲೆ ಹೆಬ್ಬೆರಳಿಂದ ಒಮ್ಮೆ ನೀವಿದರೆ ಬಟ್ಟೆ ತಾನೇ ಸಡಿಲ ಆಗುತ್ತದೆ. ಇನ್ನೊಂದು, ಅಡಿಯ ಪದರ ಮಡಚಿಕೊಂಡಿರುತ್ತದೆ. ಪ್ರತಿ ಸಾಲು ಮುಗಿದ ಮೇಲೆ ತಿರುಗಿಸಿ ನೋಡುವ ಅಭ್ಯಾಸ ಮೊದಲ ದಿನದಿಂದಲೇ ಮಾಡಿಸಿ. ಹೊಲಿಗೆ ಅಂಚಿನಿಂದ ಒಳಕ್ಕೆ ಹೋಗುವುದರಿಂದ ಮಿಕ್ಕಿದ ಬಟ್ಟೆಯೆಲ್ಲಾ ನಡುವೆ ಬಂದು ಉಬ್ಬುತ್ತದೆ. ಕಚ್ಚಾ ಹೊಲಿಗೆ ಹತ್ತಿರ ಹತ್ತಿರ ಇದ್ದರೆ ಇದು ಅರ್ಧ ಕಡಿಮೆ.

ಅವರ ಕೈಯಿಂದ ತುಂಡು ಇಸಿದುಕೊಂಡು ನೀವೇ ಹೊಲಿದು ಸರಿ ಮಾಡಿ ಕೊಡೋದು ಬೇಡ. ಬೇಗ ಆಗುತ್ತದೆ ಅನ್ನೋ ಆಸೆಗೆ ಎಲ್ಲರೂ ಮಾಡುತ್ತೇವೆ. ನಿಮ್ಮ ತರಗತಿ ತುಂಡಿನ ಮೇಲೆ ಅದೇ ಜಾಗ ಹೊಲಿದು ತೋರಿಸಿ, ಅವರದ್ದು ಅವರೇ ಹೊಲಿಯಲಿ. ಎಡಗೈಯವರು ಬಂದರೆ ನಿಮ್ಮ ಎದುರಿಗೆ ಕೂರಿಸಿ. ಕನ್ನಡಿಯಲ್ಲಿ ನೋಡಿದ ಹಾಗೆ ಕಾಣುವುದರಿಂದ ನೋಡಿದ್ದನ್ನು ಹಾಗೇ ಮಾಡಬಹುದು. ಬಲಗೈಯವರು ಪಕ್ಕದಲ್ಲಿ ಕೂರಲಿ.

ಒಂದು ಚಾಪೆಗೆ ನಾಲ್ಕೈದು ಜನ ಸಾಕು. ಜಾಸ್ತಿ ಆದರೆ ಮೂಲೆಯಲ್ಲಿ ಕೂತವರು ಕೇಳದೇ ತಪ್ಪು ಹೊಲಿಯುತ್ತಾ ಹೋಗುತ್ತಾರೆ. ಬೇಗ ಕಲಿತವರನ್ನು ನಿಧಾನದವರ ಪಕ್ಕ ಕೂರಿಸಿ. ಇಬ್ಬರಿಗೂ ಲಾಭ, ನಿಮಗೂ ಉಸಿರಾಡೋಕೆ ಜಾಗ.

6. ಸೂಜಿ ಎಣಿಸಿ

ಕೊಡುವಾಗ ಎಣಿಸಿ ಕೊಡಿ, ಮುಗಿದ ಮೇಲೆ ಎಣಿಸಿ ತೆಗೆದುಕೊಳ್ಳಿ. ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ಇದನ್ನು ಬಿಡುವ ಹಾಗೇ ಇಲ್ಲ. ಕೆಟ್ಟುಹೋದ ಸ್ಪೀಕರ್‌ನ ಅಯಸ್ಕಾಂತ ಒಂದಿದ್ದರೆ ಚಾಪೆ ಮೇಲೆ ಆಡಿಸಿದಾಗ ಬಿದ್ದ ಸೂಜಿ ಹತ್ತಿಕೊಳ್ಳುತ್ತದೆ. ಕತ್ತರಿಯದ್ದೂ ಅಷ್ಟೇ: ಬಟ್ಟೆ ಕತ್ತರಿ ನಿಮ್ಮದು ಬೇರೆ, ಅವರಿಗೆ ಬೇರೆ. ನಿಮ್ಮದರಲ್ಲಿ ಯಾರೋ ಕಾಗದ ಕತ್ತರಿಸಿದರೆ ಮೊಂಡಾಗುತ್ತದೆ, ಆಮೇಲೆ ಬಟ್ಟೆ ಕಚ್ಚುತ್ತದೆ.

ಅವರ ಬಟ್ಟೆಗಳಿಗೆ ಬೇರೆ ಬುಟ್ಟಿ. ನಿಮ್ಮ ಚೀಲಗಳಿರುವ ಕೋಣೆ ಬಾಗಿಲು ಆ ಹೊತ್ತಿಗೆ ಹಾಕಿದ್ದರೆ ಇನ್ನೂ ಒಳ್ಳೇದು. "ಈ ನೀಲಿ ತುಂಡು ಚಂದ ಐತಿ, ತಗೊಳ್ಳಲಾ?" ಅಂತ ಕೇಳಿದರೆ ಇಲ್ಲ ಅನ್ನೋಕೆ ಎಲ್ಲರಿಗೂ ಬಾಯಿ ಬರೋದಿಲ್ಲ.

7. ದಿನ ಕೊಡುವ ಮುಂಚೆ ಲೆಕ್ಕ ಹಾಕಿ

"ಯಾವಾಗ ಕೊಡ್ತೀರಿ?" ಅಂದ ಕೂಡಲೇ ಬಾಯಿಗೆ ಬಂದ ದಿನ ಹೇಳಬೇಡಿ. ಲೆಕ್ಕ ಸುಲಭ ಇದೆ. ಸುತ್ತು ಸುತ್ತಿ ಹೊಲಿಯಿರಿ, ನೇರ ಸಾಲು ಹೊಲಿಯಿರಿ, ಒಟ್ಟು ಹೊಲಿಗೆಯ ಉದ್ದ ಹೆಚ್ಚು ಕಡಿಮೆ ಒಂದೇ: ಉದ್ದ ಗುಣಿಸು ಅಗಲ, ಭಾಗಿಸು ಸಾಲಿನ ಅಂತರ.

60 ಇಂಚು ಅಗಲ 90 ಇಂಚು ಉದ್ದದ ಕೌದಿ, ಸಾಲಿನ ನಡುವೆ ಒಂದು ಇಂಚು ಅಂದರೆ 5400 ಇಂಚು. ಮೀಟರ್ ಲೆಕ್ಕದಲ್ಲಿ ಸುಮಾರು 137. ಅಂತರ ಅರ್ಧ ಇಂಚಾದರೆ ನೇರ ಎರಡು ಪಟ್ಟು, 274 ಮೀಟರ್. ಈಗ ನಿಮ್ಮ ವೇಗ ನೋಡಿಕೊಳ್ಳಿ. ಗಡಿಯಾರ ನೋಡುತ್ತಾ ಹತ್ತು ನಿಮಿಷ ಹೊಲಿಯಿರಿ, ಎಷ್ಟಾಯಿತು ಅಂತ ಟೇಪಿನಿಂದ ಅಳೆಯಿರಿ. ಹತ್ತು ನಿಮಿಷಕ್ಕೆ ಒಂದು ಮೀಟರ್ ಬಂತು ಅಂತ ಇಟ್ಟುಕೊಳ್ಳಿ, ಗಂಟೆಗೆ ಆರು. ಹಾಗಾದರೆ ಇಂಚಿನ ಅಂತರದ ಕೌದಿಗೆ 23 ಗಂಟೆ, ಅರ್ಧ ಇಂಚಿನದಕ್ಕೆ 46 ಗಂಟೆ. ದಿನಕ್ಕೆ ಎರಡು ಗಂಟೆ ಸಿಕ್ಕರೆ ಮೊದಲನೆಯದಕ್ಕೆ ಹನ್ನೆರಡು ದಿನ, ಎರಡನೆಯದಕ್ಕೆ ಇಪ್ಪತ್ಮೂರು. ಇದು ಬರೀ ಸಾಲು ಹೊಲಿಗೆ. ಒಗೆಯೋದು, ಜೋಡಿಸೋದು, ಹಾಸೋದು, ಅಂಚು ಎಲ್ಲಾ ಬೇರೆ. ಕಲಿಸುವ ದಿನಗಳನ್ನು ಈ ಲೆಕ್ಕದಿಂದ ಪೂರ್ತಿ ತೆಗೆದುಹಾಕಿ. ತರಗತಿ ದಿನ ನಾನೂ ಸ್ವಲ್ಪ ಹೊಲಿಯುತ್ತೇನೆ ಅನ್ನೋದು ಆಗದ ಮಾತು.

ದಾರಕ್ಕೂ ಇದೇ ಲೆಕ್ಕ ಸಾಕು. ಪದರಗಳ ಮೇಲೆ ಕೆಳಗೆ ಇಳಿದು ಏರುವುದರಿಂದ ಹೊಲಿಗೆಯ ಉದ್ದಕ್ಕೆ ಕಾಲು ಭಾಗ ಸೇರಿಸಿ. ಜೋಡಿ ಎಳೆ ಆದರೆ ಅದರ ಎರಡು ಪಟ್ಟು. 137 ಮೀಟರ್ ಹೊಲಿಗೆಗೆ ಜೋಡಿ ಎಳೆಯಲ್ಲಿ 350 ಮೀಟರ್ ಹತ್ತಿರ ದಾರ ಬೇಕು. ಶುರುವಿಗೇ ಅಷ್ಟೂ ತಂದು ಚೀಲಕ್ಕೆ ಹಾಕಿ. ಕಸೂತಿ ಹಾಕುವ ಆರು ಎಳೆಯ ದಾರದ ಚಿಕ್ಕ ಲಡಿ 8 ಮೀಟರ್ ಇರುತ್ತದೆ. ಅದರಲ್ಲಿ ಇಡೀ ಕೌದಿ ಹೊಲಿಯುತ್ತೇನೆ ಅಂತ ಬರುವ ಹೊಸಬರಿಗೆ ಈ ಗುಣಾಕಾರ ಮಾಡಿ ತೋರಿಸಿ, ತಾವೇ ದಪ್ಪ ಹತ್ತಿ ದಾರದ ಉಂಡೆ ತರುತ್ತಾರೆ.

ತೊಟ್ಟಿಲ ಕೌದಿ 36 ಇಂಚಿನ ಚೌಕ ಅಂದರೆ ಇಂಚಿನ ಅಂತರಕ್ಕೆ 33 ಮೀಟರ್, ಐದೂವರೆ ಗಂಟೆ. ಹೊಸಬರ 15 ಇಂಚಿನ ಚೌಕ ಆರು ಮೀಟರೂ ಆಗುವುದಿಲ್ಲ. ಅವರು ಗಂಟೆಗೆ ಎರಡು ಮೀಟರ್ ಹೊಲಿದರೆ ಮೂರು ಗಂಟೆ. ಎರಡೆರಡು ಗಂಟೆಯ ಎರಡು ತರಗತಿಯಲ್ಲಿ ಪದರ ಹಾಸೋದೂ ಸೇರಿ ಮುಗಿಯುತ್ತದೆ. ಮೊದಲ ಕೆಲಸ ಮುಗಿಸಿ ಮನೆಗೆ ಒಯ್ಯೋದು ಬಹಳ ಮುಖ್ಯ, ಅದಕ್ಕೇ ಈ ಅಳತೆ.

ಕೌದಿ ಕೇಳಿಕೊಂಡು ಬಂದವರಿಗೂ ಈ ಗಂಟೆ ಲೆಕ್ಕ ಹೇಳಿ. "ಹಳೇ ಸೀರೆ ನಾವೇ ಕೊಡ್ತೀವಿ, ಹೊಲಿಯೋದಷ್ಟೇ ಅಲ್ಲ?" ಅನ್ನುವವರಿಗೆ ಅದೇ ಉತ್ತರ.

8. ಯಾವ ಕೆಲಸ ಯಾವ ಹೊತ್ತಿಗೆ

ಬಣ್ಣ ಹೊಂದಿಸೋದು ಹಗಲು ಬೆಳಕಿನಲ್ಲಿ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಹೊಂದಿದ ಕಡುನೀಲಿ ಮತ್ತು ಕಪ್ಪು ಬೆಳಿಗ್ಗೆ ಜಗಳ ಆಡುತ್ತಿರುತ್ತವೆ. ಪದರ ಹಾಸೋದು ಮನೆಯಲ್ಲಿ ಜನ ಇಲ್ಲದ ಹೊತ್ತಿಗೆ. ಮಿಷನ್ನಿನಲ್ಲಿ ತುಂಡು ಜೋಡಿಸುವವರು ಕರೆಂಟ್ ಇರುವಾಗ ಅದನ್ನು ಮುಗಿಸಿ, ಕೈ ಹೊಲಿಗೆ ಉಳಿದ ಹೊತ್ತಿಗೆ ಇಟ್ಟುಕೊಳ್ಳಿ. ಸಾಲು ಹೊಲಿಗೆ ಮಾತಾಡುತ್ತಾ, ಟಿವಿ ಕೇಳುತ್ತಾ ಆಗುತ್ತದೆ. ಅಂಚಿಗೆ ಮತ್ತೆ ಮನಸ್ಸು ಬೇಕು, ಮೂಲೆ ಮಡಚುವಾಗ ಅವಸರ ಮಾಡಿದರೆ ದಪ್ಪ ಗಂಟಿನ ಹಾಗೆ ಕೂರುತ್ತದೆ.

ಕಲಿಸಿ ಮುಗಿಸಿದ ಸಂಜೆ ಕತ್ತರಿ ಮುಟ್ಟಬೇಡಿ. ಗಂಟಲೂ ಕಣ್ಣೂ ದಣಿದಿರುತ್ತವೆ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿಸಿದ ಬಟ್ಟೆ ಮತ್ತೆ ಸೇರುವುದಿಲ್ಲ. ಬೇಕೆಂದರೆ ಮರುದಿನಕ್ಕೆ ಸೂಜಿಗಳಿಗೆ ದಾರ ಪೋಣಿಸಿ ಇಟ್ಟುಕೊಳ್ಳಿ, ಸಾಕು.

9. ನಿಂತೇ ಹೋದ ಕೌದಿ

ಪ್ರತಿ ಮನೆಯಲ್ಲೂ ಒಂದು ಇರುತ್ತದೆ. ಎರಡು ಮಳೆಗಾಲ ಕಳೆದರೂ ಚೀಲ ಬಿಚ್ಚಿಲ್ಲ ಅಂದರೆ ಯೋಚನೆ ಮಾಡಿ. ಬಣ್ಣ ಬೇಜಾರಾಗಿದೆಯಾ? ಅಳತೆ ದೊಡ್ಡದಾಯಿತಾ? ದೊಡ್ಡದಾಗಿದ್ದರೆ ಹೊಲಿದಷ್ಟಕ್ಕೆ ಕತ್ತರಿಸಿ ಅಂಚು ಕಟ್ಟಿ ತೊಟ್ಟಿಲ ಕೌದಿ ಮಾಡಿ. ಕತ್ತರಿಸುವ ಮುಂಚೆ ಆ ಗೆರೆಯ ಎರಡೂ ಪಕ್ಕ ಒಂದು ಗಟ್ಟಿ ಸಾಲು ಹೊಲಿದುಕೊಳ್ಳಿ, ಇಲ್ಲದಿದ್ದರೆ ತುಂಡಾದ ದಾರಗಳು ಬಿಚ್ಚಿಕೊಳ್ಳುತ್ತಾ ಹೋಗುತ್ತವೆ. ಬಣ್ಣವೇ ಬೇಜಾರಾದರೆ ಹೊಸಬರಿಗೆ ಅಭ್ಯಾಸಕ್ಕೆ ಕೊಡಿ. ಹೇಗೂ ಪದರ ಹಾಸಿ ಆಗಿದೆ, ಅವರಿಗೆ ಸೀದಾ ಹೊಲಿಯೋಕೆ ಸಿಗುತ್ತದೆ.

ಕಲಿಯುವವರು ಅರ್ಧಕ್ಕೆ ಬಿಟ್ಟುಹೋದದ್ದು ಮಾತ್ರ ನಿಮ್ಮ ತಲೆಗೆ ತಂದುಕೊಳ್ಳಬೇಡಿ. ಮುಗಿಸಿಕೊಡುತ್ತೇನೆ ಅಂತ ಒಬ್ಬರಿಗೆ ಹೇಳಿದರೆ ಮುಂದಿನ ಸಲ ನಾಲ್ಕು ಜನ ಬಿಟ್ಟುಹೋಗುತ್ತಾರೆ.

10. ಕೈ ಕೂತ ಮೇಲೆ ಎಲ್ಲರೂ ಒಂದು ಕೌದಿಗೆ

ಎರಡು ಮೂರು ಚಿಕ್ಕ ಕೆಲಸ ಮುಗಿಸಿದವರು ಈಗ ದೊಡ್ಡದಕ್ಕೆ ತಯಾರು. ಆಗ ಒಂದೇ ಕೌದಿಯ ಸುತ್ತ ನಾಲ್ವರನ್ನು ಕೂರಿಸಿ, ಒಬ್ಬೊಬ್ಬರಿಗೆ ಒಂದೊಂದು ಬದಿ. ನಡುವೆ ನೀವು ಸುತ್ತುತ್ತಿರಿ. ಕಚ್ಚಾ ಹೊಲಿಗೆ ಮಾಮೂಲಿಗಿಂತ ಹತ್ತಿರ ಹಾಕಿಸಿ, ಯಾಕೆಂದರೆ ನಾಲ್ಕು ಕಡೆಯಿಂದ ನಾಲ್ಕು ಥರದ ಎಳೆತ ಇರುತ್ತದೆ. ಹೊಲಿಗೆ ಒಂದೇ ಅಳತೆ ಬರುವುದಿಲ್ಲ. ಒಬ್ಬರದ್ದು ಅಕ್ಕಿಕಾಳಷ್ಟಿದ್ದರೆ ಇನ್ನೊಬ್ಬರದ್ದು ಅದರ ಎರಡರಷ್ಟು ಇರುತ್ತದೆ. ಮನೆಗೆ ಇಟ್ಟುಕೊಳ್ಳುವ ಕೌದಿಗೆ ಅದು ನೋಡೋಕೆ ಚೆಂದವೇ. ದುಡ್ಡು ಕೊಟ್ಟು ಹೊಲಿಸುವವರ ಕೌದಿಗೆ ಇದು ಬೇಡ. ಅವರು ನಿಮ್ಮ ಕೈ ನೋಡಿ ಕೊಟ್ಟಿರುತ್ತಾರೆ.

ಕೌದಿ ಯಾರದ್ದು ಅನ್ನೋದನ್ನು ಶುರುವಿಗೇ ಮಾತಾಡಿಕೊಳ್ಳಿ. ಮುಂದಿನ ಸಲ ಬೇರೆಯವರದ್ದು, ಹೀಗೆ ಸರದಿ. ಬಟ್ಟೆ ತಂದವರ ಮನೆಗೆ ಮೊದಲನೆಯದು ಹೋದರೆ ತಕರಾರು ಕಡಿಮೆ.

ಮುಗಿದ ಕೌದಿಯ ಮೊದಲ ಒಗೆತ ನಿಮ್ಮ ಮನೆಯಲ್ಲೇ ಆಗಲಿ, ಕೊಡುವ ಮುಂಚೆ. ತಣ್ಣೀರು, ಸ್ವಲ್ಪವೇ ಸೋಪಿನ ಪುಡಿ, ಕುಕ್ಕೋದು ಬೇಡ. ನೆನೆದ ಕೌದಿಯನ್ನು ಒಬ್ಬರೇ ಎತ್ತಬೇಡಿ, ಸೊಂಟ ಹಿಡಿದುಕೊಳ್ಳುತ್ತದೆ. ಹಿಂಡದೆ ಹಾಗೇ ನೀರು ಸೋರಲು ಬಿಟ್ಟು, ಆಮೇಲೆ ಕಾಂಪೌಂಡ್ ಗೋಡೆ ಮೇಲೆ ಒಂದು ಹಳೇ ಬೆಡ್‌ಶೀಟ್ ಹಾಸಿ ಅದರ ಮೇಲೆ ಅಗಲವಾಗಿ ಹರವಿ. ಹಗ್ಗಕ್ಕೆ ಹಾಕಿದರೆ ತನ್ನ ಭಾರಕ್ಕೆ ತಾನೇ ಜೋಲಿ ಸಾಲುಗಳು ಎಳೆದುಕೊಳ್ಳುತ್ತವೆ. ಒಣಗಿದ ಮೇಲೆ ಎಲ್ಲಾದರೂ ಹೊಲಿಗೆ ಬಿಟ್ಟಿದ್ದರೆ ಈಗ ಕಾಣುತ್ತದೆ. ಅಲ್ಲಿ ಎರಡು ಹೊಲಿಗೆ ಹಾಕಿ, ಚೀಲದಲ್ಲಿ ಮಿಕ್ಕ ದಾರವನ್ನು ಸಣ್ಣ ಉಂಡೆ ಮಾಡಿ ಕೌದಿ ಜೊತೆಗೇ ಕೊಟ್ಟುಬಿಡಿ. ಮುಂದೆ ಯಾವತ್ತಾದರೂ ತೇಪೆ ಹಾಕಬೇಕಾದರೆ ಅದೇ ದಾರ ಅವರ ಹತ್ತಿರ ಇರುತ್ತದೆ.